ದಂಡು ಪ್ರದೇಶದಲ್ಲಿ ಧ್ವನಿ ಸಂಪಾದನೆ: ಬ್ಲೇಡಿನಿಂದ ಕಂಪ್ಯೂಟರಿಗೆ

ಮುದ್ರಿಸಿಕೊಂಡ ಧ್ವನಿಯನ್ನು ತಿದ್ದಲು ಇರುವ ದಾರಿ ಎರಡು. ಮುದ್ರಣಕ್ಕೇ ಕೈಹಾಕಿ, ಬೇಡದ್ದನ್ನು ಕತ್ತರಿಸಿ ಎಸೆದು, ಬೇಕಾದ್ದನ್ನು ಅದರ ಮೇಲೆಯೇ ಬರೆಯುವುದು ಒಂದು. ಮುದ್ರಣವನ್ನು ಮುಟ್ಟದೆ ಬಿಟ್ಟು, ಎಲ್ಲಿಂದ ಎಲ್ಲಿಯವರೆಗೆ ಕೇಳಿಸಬೇಕು, ಎಷ್ಟು ಜೋರಾಗಿ ಕೇಳಿಸಬೇಕು ಎಂಬ ಸೂಚನೆಗಳನ್ನಷ್ಟೇ ಬೇರೆ ಕಡೆ ಬರೆದಿಡುವುದು ಇನ್ನೊಂದು. ಧ್ವನಿ ತಂತ್ರಾಂಶಗಳ ಕೈಪಿಡಿಗಳು ಮೊದಲನೆಯದನ್ನು ಡಿಸ್ಟ್ರಕ್ಟಿವ್ ಎಡಿಟಿಂಗ್ ಎಂದೂ ಎರಡನೆಯದನ್ನು ನಾನ್-ಡಿಸ್ಟ್ರಕ್ಟಿವ್ ಎಡಿಟಿಂಗ್ ಎಂದೂ ಕರೆಯುತ್ತವೆ. ಮೂಲ ಅಳಿಸುವ ಸಂಪಾದನೆ, ಮೂಲ ಉಳಿಸುವ ಸಂಪಾದನೆ ಎನ್ನಬಹುದು. ಈ ಎರಡೂ ಕಂಪ್ಯೂಟರಿನೊಂದಿಗೆ ಹುಟ್ಟಿದವಲ್ಲ. ಟೇಪಿನ ಕಾಲದಲ್ಲೂ ಫಿಲ್ಮಿನ ಕಾಲದಲ್ಲೂ ಎರಡೂ ಇದ್ದವು. ಯಾರು ಯಾವುದನ್ನು ಅನುಸರಿಸುತ್ತಾರೆ ಎಂಬುದನ್ನು ಜಾಣತನಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಇನ್ನೊಂದು ಪ್ರತಿ ಮಾಡಿಕೊಳ್ಳಲು ತಗಲುವ ಖರ್ಚು.

ಬೆಂಗಳೂರಿನಲ್ಲಿ ಈ ಕಸುಬು ಹಾದುಬಂದ ಘಟ್ಟಗಳಲ್ಲಿ ಹಲವು ದಂಡಿನಲ್ಲೂ ಅದರ ಪೂರ್ವದ ಬಡಾವಣೆಗಳಲ್ಲೂ ನಡೆದವು. 1809ರಲ್ಲಿ ಬ್ರಿಟಿಷರು ಪೇಟೆಯ ಆಚೆಗೆ ಕಟ್ಟಿದ ದಂಡು, 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ಪಾಲಿಕೆಯ ಕೆಳಗೆ ಬಂದವು. ಸ್ವಾತಂತ್ರ್ಯದ ನಂತರದ ಧ್ವನಿಯ ಉದ್ಯಮಗಳು ಈ ಭಾಗದಲ್ಲಿ ಒಂದೊಂದಾಗಿ ನೆಲೆ ಕಂಡವು: ರಾಜಭವನ ರಸ್ತೆಯಲ್ಲಿ ಆಕಾಶವಾಣಿ, ಮಿಲ್ಲರ್ಸ್ ರಸ್ತೆಯಲ್ಲಿ ಸಿನಿಮಾ ಸ್ಟುಡಿಯೊ, ಕೆ.ಆರ್. ಪುರದ ಬಳಿ ದೂರವಾಣಿ ಕಾರ್ಖಾನೆ, ಕೊನೆಗೆ ಮಿಲ್ಲರ್ಸ್ ರಸ್ತೆಯಲ್ಲೇ ಚಿಪ್ ಕಂಪನಿ.

ಮೊದಲಿಗೆ ಸಂಪಾದನೆ ಎಂಬುದೇ ಇರಲಿಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ ಮೇಲೆ ಬಂದ ಮೇಣದ ಸಿಲಿಂಡರುಗಳಲ್ಲಿ ಮೇಲ್ಪದರವನ್ನು ಹೆರೆದು ಮತ್ತೆ ಮುದ್ರಿಸಬಹುದಿತ್ತು, ಅಷ್ಟೆ. ಗ್ರಾಮಾಫೋನ್ ತಟ್ಟೆಯಲ್ಲಿ ಅದೂ ಇಲ್ಲ. ಗಾಯಕರು ಮೂರು ನಿಮಿಷದೊಳಗೆ ಹಾಡಿ ಮುಗಿಸಬೇಕು. ತಪ್ಪಿದರೆ ತಟ್ಟೆ ಬಿಸಾಡಿ ಮತ್ತೆ ಮೊದಲಿನಿಂದ ಹಾಡಬೇಕು. ರೇಡಿಯೊ ಬಂದಾಗಲೂ ಹೆಚ್ಚಿನ ಪಾಲು ನೇರ ಪ್ರಸಾರವೇ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರದಲ್ಲಿ ಮಾತು, ಸಂಗೀತ, ನಾಟಕ ಮೈಕಿನ ಮುಂದೆ ನಡೆದ ಗಳಿಗೆಯಲ್ಲೇ ಕೇಳುಗರಿಗೆ ತಲುಪಿ ಅಲ್ಲಿಗೆ ಮುಗಿದುಹೋಗುತ್ತಿದ್ದವು. ಆ ಕೇಂದ್ರ ಮುಂದೆ ಮೈಸೂರು ಸಂಸ್ಥಾನದ ಕೈಗೂ 1950ರಲ್ಲಿ ಕೇಂದ್ರ ಸರ್ಕಾರದ ಕೈಗೂ ಹೋಯಿತು. 1955ರ ನವೆಂಬರ್ 2ರಂದು ಬೆಂಗಳೂರಿನ ಕೇಂದ್ರ ಆರಂಭವಾಯಿತು. ಅದು ನೆಲೆಗೊಂಡ ರಾಜಭವನ ರಸ್ತೆ ಕಬ್ಬನ್ ಪಾರ್ಕಿಗೂ ಶಿವಾಜಿನಗರಕ್ಕೂ ನಡುವಿನದು, ಪೇಟೆ ಮುಗಿದು ದಂಡು ಶುರುವಾಗುವ ಅಂಚು.

ಬೆಂಗಳೂರು ಕೇಂದ್ರ ಹುಟ್ಟಿದ ಹೊತ್ತಿಗೆ ಟೇಪು ಬಂದಾಗಿತ್ತು. ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ 1928ರಲ್ಲಿ ಕಾಂತೀಯ ಪುಡಿ ಹಚ್ಚಿದ ಪಟ್ಟಿಗೆ ಪೇಟೆಂಟ್ ಪಡೆದ. 1935ರ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಎಇಜಿ ಕಂಪನಿ ಮ್ಯಾಗ್ನೆಟೊಫೋನ್ ಎಂಬ ಯಂತ್ರವನ್ನು ತೋರಿಸಿತು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಎಂಜಿನಿಯರ್ ಜಾಕ್ ಮಲ್ಲಿನ್ ಅಂಥ ಯಂತ್ರಗಳನ್ನು ಊರಿಗೆ ಒಯ್ದ. ಗಾಯಕ ಬಿಂಗ್ ಕ್ರಾಸ್ಬಿ ತನ್ನ ರೇಡಿಯೊ ಕಾರ್ಯಕ್ರಮವನ್ನು ಮುಂಚಿತವಾಗಿ ಮುದ್ರಿಸಿ, ಟೇಪು ಕತ್ತರಿಸಿ ಅಂಟಿಸಿ ಪ್ರಸಾರ ಮಾಡತೊಡಗಿದ. 1948ರಲ್ಲಿ ಆಂಪೆಕ್ಸ್ ಕಂಪನಿಯ ಯಂತ್ರ ಮಾರುಕಟ್ಟೆಗೆ ಬಂತು. ಹತ್ತು ವರ್ಷದೊಳಗೆ ಜಗತ್ತಿನ ರೇಡಿಯೊ ಕೇಂದ್ರಗಳ ಕೆಲಸದ ರೀತಿಯೇ ಬದಲಾಯಿತು. ಆಕಾಶವಾಣಿಯಲ್ಲಿ ಧ್ವನಿಮುದ್ರಣಗಳನ್ನು ಕಾಪಿಡಲು ಹೊಣೆ ಹೊತ್ತ ಟ್ರಾನ್ಸ್‌ಕ್ರಿಪ್ಷನ್ ಸೇವೆ 1954ರಲ್ಲಿ ಶುರುವಾಯಿತು. 1957ರಲ್ಲಿ ಆರಂಭವಾದ ವಿವಿಧ ಭಾರತಿ ಮೊದಲೇ ಮುದ್ರಿಸಿದ ಕಾರ್ಯಕ್ರಮಗಳ ಮೇಲೆಯೇ ನಿಂತ ಸೇವೆ.

ಟೇಪು ಸಂಪಾದನೆಯ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇಂದಿನ ತಂತ್ರಾಂಶಗಳ ಬಹುತೇಕ ಪದಗಳು, ಅಭ್ಯಾಸಗಳು ಅಲ್ಲಿಂದಲೇ ಬಂದವು. ಕಾಲಂಗುಲ ಅಗಲದ ಟೇಪು ರೇಡಿಯೊ ಕೆಲಸದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಏಳೂವರೆ ಅಂಗುಲ, ಅಂದರೆ ಸುಮಾರು 19 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿತ್ತು. ಸಂಗೀತಕ್ಕೆ ಅದರ ಇಮ್ಮಡಿ ವೇಗ. ಏಳು ಅಂಗುಲದ ಸುರುಳಿಯಲ್ಲಿ 1,200 ಅಡಿ ಟೇಪು, 32 ನಿಮಿಷದ ಧ್ವನಿ. ಸಂಪಾದಕರ ಪಾಲಿಗೆ ಕಾಲವೆಂದರೆ ಉದ್ದ: ಒಂದು ಸೆಕೆಂಡು ಒಂದು ಗೇಣಿಗಿಂತ ತುಸು ಕಡಿಮೆ. ಯಂತ್ರವನ್ನು ನಿಲ್ಲಿಸಿ ಎರಡೂ ಸುರುಳಿಗಳನ್ನು ಕೈಯಿಂದ ಹಿಂದೆ ಮುಂದೆ ಆಡಿಸಿದರೆ ಧ್ವನಿ ಗೊರಗೊರ ಎನ್ನುತ್ತ ನಿಧಾನವಾಗಿ ಹಾದುಹೋಗುತ್ತದೆ. ಹೀಗೆ ಕೇಳಿಸಿಕೊಂಡು ಮಾತು ಆರಂಭವಾಗುವ ಬಿಂದುವನ್ನು ಪತ್ತೆಮಾಡಿ, ಟೇಪಿನ ಬೆನ್ನಿನ ಮೇಲೆ ಮೇಣದ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಇಂದಿಗೂ ಸ್ಕ್ರಬ್ ಎಂದು ಕರೆಯುವುದು ಕೈಯ ಇದೇ ಆಟವನ್ನು. ಗೆರೆ ಎಳೆದ ಟೇಪನ್ನು ತೋಡು ಕೊರೆದ ಲೋಹದ ಅಚ್ಚಿನಲ್ಲಿ ಕೂರಿಸಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಕೂಡಿಸಿ, ಬೆನ್ನಿಗೆ ಅಂಟುಪಟ್ಟಿ ಒತ್ತುವುದು. ಬ್ಲೇಡಿಗೆ ಕಾಂತತ್ವ ಬಂದಿದ್ದರೆ ಜೋಡಣೆಯಲ್ಲಿ ಟಕ್ ಎಂಬ ಸದ್ದು ಬೀಳುತ್ತದೆ. ಹೀಗಾಗಿ ಬ್ಲೇಡನ್ನು ಆಗಾಗ ಡಿಮ್ಯಾಗ್ನೆಟೈಸ್ ಮಾಡಬೇಕು.

ಓರೆ ಏಕೆ? ನೇರವಾಗಿ ಕತ್ತರಿಸಿದರೆ ಒಂದು ಧ್ವನಿ ಥಟ್ಟನೆ ನಿಂತು ಇನ್ನೊಂದು ಥಟ್ಟನೆ ಶುರುವಾಗಿ ಕಿವಿಗೆ ಬಡಿಯುತ್ತದೆ. ನಲವತ್ತೈದು ಡಿಗ್ರಿ ಓರೆಯಲ್ಲಿ ಕತ್ತರಿಸಿದಾಗ ಜೋಡಣೆ ಟೇಪಿನ ಅಗಲದಷ್ಟೇ ಉದ್ದಕ್ಕೆ, ಸುಮಾರು ಆರು ಮಿಲಿಮೀಟರಿಗೆ, ಹರಡಿಕೊಳ್ಳುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಅದು ಸೆಕೆಂಡಿನ ಮೂವತ್ತನೆಯ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಹಳೆಯ ಧ್ವನಿ ಇಳಿದು ಹೊಸದು ಏರುತ್ತದೆ. ತಂತ್ರಾಂಶಗಳ ಕ್ರಾಸ್‌ಫೇಡ್ ಮಾಡುವುದು ಇದನ್ನೇ.

ಎಲ್ಲಿ ಕತ್ತರಿಸಬೇಕು ಎಂಬುದು ಭಾಷೆಯನ್ನು ಅವಲಂಬಿಸಿದ ವಿದ್ಯೆ. ಕನ್ನಡದ ಮಾತಿನಲ್ಲಿ ಪದಗಳು ಸ್ವರದಲ್ಲಿ ಮುಗಿದು ಮುಂದಿನ ಪದಕ್ಕೆ ಬೆಸೆದುಕೊಳ್ಳುತ್ತವೆ, ನಡುವೆ ಮೌನ ಸಿಗುವುದಿಲ್ಲ. ಮೌನ ಸಿಗುವುದು ಕ, ಚ, ಟ, ತ, ಪಗಳ ಉಚ್ಚಾರದ ಹೊಸ್ತಿಲಲ್ಲಿ, ನಾಲಗೆಯೋ ತುಟಿಯೋ ಉಸಿರನ್ನು ತಡೆದು ನಿಲ್ಲಿಸಿದ ಕ್ಷಣದಲ್ಲಿ. ಒತ್ತಕ್ಷರದಲ್ಲಿ ಆ ತಡೆ ಇನ್ನೂ ದೀರ್ಘ. ಸೆಕೆಂಡಿನ ಆರನೆಯ ಒಂದು ಭಾಗದಷ್ಟು ತಡೆ ಟೇಪಿನ ಮೇಲೆ ಸುಮಾರು ಮೂರು ಸೆಂಟಿಮೀಟರ್ ಮೌನವಾಗಿ ಸಿಗುತ್ತದೆ. ಬ್ಲೇಡಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲಿಯೂ ಅಳತೆ ತಪ್ಪಬಾರದು. ಆ ಮೌನದಿಂದ ಅರ್ಧ ಕತ್ತರಿಸಿದರೆ ಕತ್ತೆ ಕತೆಯಾಗುತ್ತದೆ. ಇಂಥದ್ದನ್ನೆಲ್ಲ ಕಿವಿಯೊಂದರಿಂದಲೇ ತಿಳಿದುಕೊಳ್ಳಬೇಕಿತ್ತು. ಇಂದಿನವರಿಗೆ ಧ್ವನಿಯ ಅಲೆ ಪರದೆಯ ಮೇಲೆ ಕಾಣುತ್ತದೆ. ಟೇಪಿನ ಸಂಪಾದಕರಿಗೆ ಕಾಣುತ್ತಿದ್ದದ್ದು ಕಂದು ಬಣ್ಣದ ಪಟ್ಟಿ ಮಾತ್ರ.

ಈ ಕೆಲಸದಲ್ಲಿ ಹಿಂದಿರುಗುವ ದಾರಿ ಇತ್ತು, ಆದರೆ ಕಿರಿದಾದದ್ದು. ಕತ್ತರಿಸಿದ ತುಂಡುಗಳಿಗೆ ಗುರುತು ಬರೆದು ಗೋಡೆಗೋ ಮೇಜಿನ ಅಂಚಿಗೋ ಅಂಟಿಸಿಟ್ಟುಕೊಂಡರೆ, ಪ್ರಸಾರವಾಗುವ ತನಕ ಅವನ್ನು ಮತ್ತೆ ಸೇರಿಸಬಹುದು. ಪ್ರಸಾರ ಮುಗಿದ ಮೇಲೆ ತುಂಡುಗಳು ಕಸದ ಬುಟ್ಟಿಗೆ ಹೋಗುತ್ತಿದ್ದವು. ಕತ್ತರಿಸದೆ ಸಂಪಾದಿಸುವ ದಾರಿಯೂ ಇತ್ತು: ಒಂದು ಯಂತ್ರದಿಂದ ಇನ್ನೊಂದಕ್ಕೆ ಬೇಕಾದ ಭಾಗಗಳನ್ನಷ್ಟೇ ಪ್ರತಿ ಮಾಡುವುದು. ಆಗ ಮೂಲ ಇಡಿಯಾಗಿ ಉಳಿಯುತ್ತದೆ. ಅದಕ್ಕೆ ಎರಡು ಯಂತ್ರ ಬೇಕು, ಎರಡನೆಯ ಸುರುಳಿ ಬೇಕು, ಹೆಚ್ಚು ಹೊತ್ತು ಬೇಕು. ಪ್ರತಿ ಸಲ ಪ್ರತಿ ಮಾಡಿದಾಗ ಟೇಪಿನ ಗುಯ್ ಎನ್ನುವ ಸದ್ದು ಒಂದು ಪದರ ಏರುತ್ತದೆ. ದಿನದ ಕಾರ್ಯಕ್ರಮವನ್ನು ಸಂಜೆಯೊಳಗೆ ಸಿದ್ಧಪಡಿಸಬೇಕಾದ ಕಡೆ ಬ್ಲೇಡೇ ಗೆಲ್ಲುತ್ತಿತ್ತು.

ಅದಕ್ಕಿಂತ ದೊಡ್ಡ ಅಳಿವು ಬ್ಲೇಡಿನಿಂದ ಆದದ್ದಲ್ಲ. ಕಾಂತೀಯ ಟೇಪು ದುಬಾರಿ ಸಾಮಗ್ರಿ, ಅದನ್ನು ಅಳಿಸಿ ಮತ್ತೆ ಬಳಸಬಹುದು ಎಂಬುದೇ ಅದರ ಮುಖ್ಯ ಗುಣವೆಂದು ಎಣಿಸಲಾಗಿತ್ತು. ಪ್ರಸಾರವಾದ ಕಾರ್ಯಕ್ರಮದ ಸುರುಳಿಯನ್ನು ಅಳಿಸಿ ಮುಂದಿನ ಕಾರ್ಯಕ್ರಮಕ್ಕೆ ಕೊಡುವುದು ಆಕಾಶವಾಣಿಯಲ್ಲಿ ವಾಡಿಕೆಯಾಗಿತ್ತು. ಬಿಬಿಸಿಯಂಥ ಶ್ರೀಮಂತ ಸಂಸ್ಥೆಯೂ 1960 ಮತ್ತು 70ರ ದಶಕಗಳಲ್ಲಿ ತನ್ನ ಜನಪ್ರಿಯ ಟಿ.ವಿ. ಧಾರಾವಾಹಿಗಳ ಟೇಪುಗಳನ್ನು ಅಳಿಸಿತು. ಆಕಾಶವಾಣಿಯಲ್ಲಿ ಕೆಲವು ಸುರುಳಿಗಳು ಸಂಗ್ರಹಕ್ಕೆ ಆಯ್ಕೆಯಾಗಿ ಉಳಿದವು. ಸಂಗೀತ ಕಛೇರಿಗಳಿಗೆ, ಹೆಸರಾಂತ ಸಾಹಿತಿಗಳ ಮಾತಿಗೆ ಆ ಅದೃಷ್ಟ ಹೆಚ್ಚಾಗಿ ಸಿಕ್ಕಿತು. ರೈತರ ಕಾರ್ಯಕ್ರಮದ ಹರಟೆ, ಹಳ್ಳಿಯಿಂದ ಬಂದವರ ಸಂದರ್ಶನ, ದಿನನಿತ್ಯದ ರೂಪಕಗಳಿಗೆ ಸಿಗಲಿಲ್ಲ. ಬೆಂಗಳೂರು ಕೇಂದ್ರದಲ್ಲಿ ಈರಣ್ಣ ಎಂಬ ಹೆಸರಿನಿಂದ ಮನೆಮಾತಾಗಿದ್ದ ರಂಗಕರ್ಮಿ ಎ.ಎಸ್. ಮೂರ್ತಿಯವರಂಥವರು ಕೇಳುಗರೊಡನೆ ಆಡಿದ ಮಾತು ಬಾನಿಗೆ ಸೇರಿತು. ಆ ದಶಕಗಳ ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಆಡುಮಾತು ಹೇಗಿತ್ತು ಎಂದು ಕೇಳಿ ತಿಳಿಯಲು ಇದಕ್ಕಿಂತ ಒಳ್ಳೆಯ ಆಕರ ಬೇರೆ ಇರಲಾರದು. ಇದು ಕನ್ನಡಕ್ಕೆ ಆದ ನಷ್ಟ, ಅದನ್ನು ತಂತ್ರಜ್ಞಾನದ ಮಿತಿ ಎಂದು ಹೇಳಿ ಮುಗಿಸಲಾಗದು. ತಂತ್ರಜ್ಞಾನ ಉಳಿಸಬಲ್ಲುದಾಗಿತ್ತು, ಟೇಪಿನ ಬಜೆಟ್ ಉಳಿಸಗೊಡಲಿಲ್ಲ.

ಸಿನಿಮಾದವರ ರೀತಿ ಬೇರೆ. ಚಿತ್ರದ ನೆಗೆಟಿವ್ ಎಂದರೆ ಲಕ್ಷಾಂತರ ರೂಪಾಯಿಯ ಬಂಡವಾಳ, ಅದರ ಮೇಲೆ ನೇರವಾಗಿ ಕತ್ತರಿ ಆಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ನೆಗೆಟಿವ್‌ನಿಂದ ರಷ್ ಪ್ರಿಂಟ್ ತೆಗೆದು, ಕತ್ತರಿಸುವುದು ಅಂಟಿಸುವುದೆಲ್ಲ ಆ ಪ್ರತಿಯ ಮೇಲೆ. ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಸಂಖ್ಯೆಗಳ ಆಧಾರದಿಂದ ಕೊನೆಯಲ್ಲಿ ಒಮ್ಮೆ ಮಾತ್ರ ನೆಗೆಟಿವ್ ಕತ್ತರಿಸಲಾಗುತ್ತಿತ್ತು. ಧ್ವನಿಗೂ ಇದೇ ಕ್ರಮ. ಮೂಲ ಧ್ವನಿ ಕಾಲಂಗುಲ ಟೇಪಿನಲ್ಲಿ ಭದ್ರವಾಗಿರುತ್ತದೆ. ಅದನ್ನು ರಂಧ್ರಗಳಿರುವ 35 ಮಿ.ಮೀ. ಕಾಂತೀಯ ಫಿಲ್ಮಿಗೆ ಇಳಿಸಿಕೊಂಡು, ಚಿತ್ರದ ಜೊತೆಜೊತೆಗೆ ಕತ್ತರಿಸುತ್ತಾರೆ. ಕತ್ತರಿಸಿದ್ದು ಕೆಟ್ಟರೆ ಮತ್ತೊಂದು ಪ್ರತಿ ಇಳಿಸಿಕೊಂಡರಾಯಿತು. ಮೂಲ ಉಳಿಸುವ ಸಂಪಾದನೆಯ ತಿರುಳೆಲ್ಲ ಇಲ್ಲಿದೆ: ಮುಟ್ಟದ ಮೂಲ, ಸಂಖ್ಯೆಗಳ ಪಟ್ಟಿ, ಕೊನೆಯಲ್ಲಿ ಒಂದೇ ಸಲ ಅಂತಿಮ ರೂಪ. ಕಂಪ್ಯೂಟರು ಇದಕ್ಕೆ ಹೊಸದಾಗಿ ಸೇರಿಸಿದ್ದು ವೇಗ.

ಕನ್ನಡ ಚಿತ್ರಗಳ ಧ್ವನಿಯ ಕೆಲಸ ಬಹುಕಾಲ ಮದರಾಸಿನಲ್ಲೇ ನಡೆಯಿತು. ಬೆಂಗಳೂರಿನಲ್ಲಿ ಅದಕ್ಕೆ ನೆಲೆ ಒದಗಿಸಿದ ಕಡೆಗಳಲ್ಲಿ ಮಿಲ್ಲರ್ಸ್ ರಸ್ತೆಯ ಚಾಮುಂಡೇಶ್ವರಿ ಸ್ಟುಡಿಯೊ ಮುಖ್ಯವಾದದ್ದು, ಡಬ್ಬಿಂಗ್ ಎಂದರೆ ಹಲವರಿಗೆ ಅದರ ಹೆಸರೇ ನೆನಪಾಗುತ್ತಿತ್ತು. 1980ರ ದಶಕದಲ್ಲಿ ಶಂಕರ್‌ನಾಗ್ ಮತ್ತು ಅನಂತ್‌ನಾಗ್ ಸಹೋದರರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಕೇತ್ ಧ್ವನಿಮುದ್ರಣ ಕೇಂದ್ರದಿಂದಾಗಿ ಹಾಡಿನ ಮುದ್ರಣಕ್ಕೂ ಮದರಾಸಿಗೆ ಹೋಗಲೇಬೇಕೆಂಬ ಸ್ಥಿತಿ ಸಡಿಲವಾಯಿತು. ಹಾಡು ಮುದ್ರಿಸುವ ಹಲವು ಟ್ರ್ಯಾಕುಗಳ ಟೇಪಿನಲ್ಲಿ ಗಾಯಕರ ಧ್ವನಿ ಒಂದು ಟ್ರ್ಯಾಕಿನಲ್ಲಿ, ತಬಲ ಇನ್ನೊಂದರಲ್ಲಿ. ಒಂದನ್ನು ಅಳಿಸಿ ಮತ್ತೆ ಮುದ್ರಿಸಿದರೂ ಉಳಿದವು ಹಾಗೇ ಇರುತ್ತವೆ. ಆದರೆ ಟ್ರ್ಯಾಕಿನೊಳಗೆ ಅದು ಪೂರ್ತಿ ಮೂಲ ಅಳಿಸುವ ವಿಧಾನವೇ. ಗಾಯಕಿ ಚರಣದ ಒಂದು ಸಾಲನ್ನು ಮಾತ್ರ ಮತ್ತೆ ಹಾಡುವಾಗ ಎಂಜಿನಿಯರ್ ಸರಿಯಾದ ಕ್ಷಣದಲ್ಲಿ ಗುಂಡಿ ಒತ್ತಿ ಸರಿಯಾದ ಕ್ಷಣದಲ್ಲಿ ಬಿಡಬೇಕು. ಇದಕ್ಕೆ ಪಂಚ್ ಮಾಡುವುದು ಎಂದು ಹೆಸರು. ಅರ್ಧ ಸೆಕೆಂಡು ತಡವಾದರೆ ಮುಂದಿನ ಸಾಲಿನ ಮೊದಲ ಅಕ್ಷರ ಹೋಯಿತು, ಅದನ್ನು ಮರಳಿ ತರುವ ಉಪಾಯವಿಲ್ಲ.

ಇದೇ ಕಾಲದಲ್ಲಿ ಟೇಪು ಮನೆಮನೆಗೂ ಬಂತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ನಿತ್ಯೋತ್ಸವ 1978ರಲ್ಲಿ ಬಿಡುಗಡೆಯಾಗಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎನಿಸಿತು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪ್ಲಾಸ್ಟಿಕ್ ಹಲ್ಲುಗಳಿದ್ದವು. ಅವನ್ನು ಮುರಿದರೆ ಅದರ ಮೇಲೆ ಮತ್ತೆ ಮುದ್ರಿಸಲಾಗದು, ಮುರಿದ ಜಾಗಕ್ಕೆ ಕಾಗದ ಅಂಟಿಸಿದರೆ ಮತ್ತೆ ಮುದ್ರಿಸಬಹುದು. ಅಜ್ಜಿಯ ಹಾಡನ್ನು ಉಳಿಸಬೇಕೋ ಅದರ ಮೇಲೆ ಹೊಸ ಸಿನಿಮಾ ಹಾಡು ತುಂಬಬೇಕೋ ಎಂಬ ತೀರ್ಮಾನವನ್ನು ಹೀಗೆ ಲಕ್ಷಾಂತರ ಮನೆಗಳು ತೆಗೆದುಕೊಂಡವು.

ಧ್ವನಿ ಅಂಕಿಯಾಗುವ ಕೆಲಸ ಬೆಂಗಳೂರಿನ ಪೂರ್ವದಲ್ಲಿ ಸಂಗೀತದಿಂದಲ್ಲ, ದೂರವಾಣಿಯಿಂದ ಬಂತು. ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಕಾರ್ಖಾನೆ, ವಸತಿ, ಶಾಲೆ ಎಲ್ಲವೂ ಸೇರಿ ಅದು ಒಂದು ಊರೇ ಆಯಿತು. ಧ್ವನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಅಂಕಿಯಾಗಿ ಬರೆಯುವ ಪಲ್ಸ್ ಕೋಡ್ ಮಾಡ್ಯುಲೇಷನ್ ವಿಧಾನವನ್ನು ಇಂಗ್ಲೆಂಡಿನ ಅಲೆಕ್ ರೀವ್ಸ್ 1930ರ ದಶಕದ ಕೊನೆಯಲ್ಲಿ ರೂಪಿಸಿದ್ದ. ದೂರವಾಣಿಗೆ ಸೆಕೆಂಡಿಗೆ 8,000 ಅಳತೆ, ಒಂದೊಂದಕ್ಕೆ 8 ಬಿಟ್ ಸಾಕು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಡಿಜಿಟಲ್ ವಿನಿಮಯ ಕೇಂದ್ರ 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿದಾಗ, ಕರ್ನಾಟಕದ ಹಳ್ಳಿಯ ಮಾತೂ ಅಂಕಿಗಳಾಗಿ ಹರಿಯತೊಡಗಿತು.

ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆಯಿತು. ಅದರ ಉಪಗ್ರಹ ಡಿಶ್ ಎತ್ತಿನ ಗಾಡಿಯಲ್ಲಿ ಬಂದ ಕತೆ ಬೆಂಗಳೂರಿನ ಐ.ಟಿ. ಚರಿತ್ರೆಯಲ್ಲಿ ಪ್ರಸಿದ್ಧ. ಧ್ವನಿಯ ಕಸುಬಿಗೆ ಮುಖ್ಯವಾದದ್ದು ಆ ಕಂಪನಿ 1983ರಲ್ಲಿ ಮಾರುಕಟ್ಟೆಗೆ ತಂದ ಟಿಎಂಎಸ್320 ಕುಟುಂಬದ ಚಿಪ್ಪುಗಳು. ಇವು ಡಿಜಿಟಲ್ ಸಿಗ್ನಲ್ ಪ್ರೊಸೆಸರುಗಳು: ಗುಣಿಸು, ಕೂಡು ಎಂಬ ಲೆಕ್ಕವನ್ನು ಅತಿ ವೇಗವಾಗಿ, ಎಡೆಬಿಡದೆ ಮಾಡುವಂಥವು. 1990ರ ದಶಕದ ಕೊನೆಯಲ್ಲಿ ಆ ಕುಟುಂಬದ ಅಂಕೂರ್ ಎಂಬ ಚಿಪ್ ಬೆಂಗಳೂರಿನಲ್ಲೇ ವಿನ್ಯಾಸಗೊಂಡಿತು. ಕಂಪನಿಯ ನೆಲೆ ಮುಂದೆ ಇಂದಿರಾನಗರದಾಚೆಯ ಸಿ.ವಿ. ರಾಮನ್ ನಗರಕ್ಕೆ ಸರಿಯಿತು. ಮೂಲ ಉಳಿಸುವ ಸಂಪಾದನೆಗೆ ಇಂಥ ಚಿಪ್ಪುಗಳು ಏಕೆ ಬೇಕಾದವು ಎಂಬುದು ತಂತ್ರಾಂಶಗಳ ಕತೆಯಲ್ಲಿ ತಿಳಿಯುತ್ತದೆ.

ಕಂಪ್ಯೂಟರಿಗೆ ಬಂದ ಮೊದಲ ಜನಪ್ರಿಯ ಧ್ವನಿ ತಂತ್ರಾಂಶಗಳು ಟೇಪಿನ ಹಾದಿಯಲ್ಲೇ ನಡೆದವು. 1985ರಲ್ಲಿ ಮ್ಯಾಕಿಂಟಾಷ್‌ಗೆ ಬಂದ ಸೌಂಡ್ ಡಿಸೈನರ್, 1990ರ ದಶಕದಲ್ಲಿ ವಿಂಡೋಸ್‌ಗೆ ಬಂದ ಸೌಂಡ್ ಫೋರ್ಜ್ ಮತ್ತು ಕೂಲ್ ಎಡಿಟ್ ಇಂಥವು. ಫೈಲ್ ತೆರೆದರೆ ಅಲೆಯ ಚಿತ್ರ ಕಾಣುತ್ತದೆ. ಒಂದು ಭಾಗವನ್ನು ಗುರುತಿಸಿ ಅಳಿಸಿದರೆ, ಅಥವಾ ಜೋರು ಮಾಡಿದರೆ, ತಂತ್ರಾಂಶ ಅಷ್ಟೂ ಅಂಕಿಗಳನ್ನು ಲೆಕ್ಕಹಾಕಿ ಹೊಸದಾಗಿ ಬರೆಯುತ್ತದೆ. ಉಳಿಸು ಎಂದ ಮೇಲೆ ಹಳೆಯದು ಇಲ್ಲ. ಕಾರಣ ಸರಳ. ಸಿ.ಡಿ. ಗುಣಮಟ್ಟದ ಸ್ಟೀರಿಯೊ ಧ್ವನಿ ನಿಮಿಷಕ್ಕೆ ಸುಮಾರು 10 ಮೆಗಾಬೈಟ್, ಗಂಟೆಗೆ 600 ಮೆಗಾಬೈಟ್ ಮೀರುತ್ತದೆ. ಇಡೀ ಹಾರ್ಡ್ ಡಿಸ್ಕೇ ಒಂದು ಗಿಗಾಬೈಟ್ ಆಗಿದ್ದ ಕಾಲದಲ್ಲಿ ಒಂದು ಗಂಟೆಯ ನಾಟಕಕ್ಕೆ ಎರಡನೆಯ ಪ್ರತಿ ಇಡುವುದು ಎಲ್ಲಿಂದ ಬಂತು? ಹಿಂದಿನ ದಶಕಗಳಲ್ಲಿ ಸುರುಳಿ ಅಳಿಸಲು ಕಾರಣವಾದ ಕೊರತೆಯೇ ಇಲ್ಲಿ ಡಿಸ್ಕಿನ ರೂಪದಲ್ಲಿ ಮರಳಿತ್ತು.

ಇನ್ನೊಂದು ಸೂಕ್ಷ್ಮ ನಷ್ಟವೂ ಇತ್ತು. 16 ಬಿಟ್‌ಗಳ ಅಂಕಿಯನ್ನು ಅರ್ಧಕ್ಕೆ ಇಳಿಸಿ, ಉಳಿಸಿ, ಮಾರನೆಯ ದಿನ ಇಮ್ಮಡಿ ಮಾಡಿದರೆ ಮೊದಲಿನ ಅಂಕಿ ಪೂರ್ತಿ ಮರಳುವುದಿಲ್ಲ, ಕೊನೆಯ ಸ್ಥಾನ ದುಂಡಗಾಗಿಬಿಟ್ಟಿರುತ್ತದೆ. ಹತ್ತು ಸಲ ತಿದ್ದಿದರೆ ಹತ್ತು ಸಲ ಸವೆಯುತ್ತದೆ. ಒಳಗಿನ ಲೆಕ್ಕವನ್ನೆಲ್ಲ 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಅಂಕಿಗಳಲ್ಲಿ ಮಾಡುವ ಪದ್ಧತಿ ಬಂದ ಮೇಲೆ ಈ ಸವೆತ ಕಿವಿಗೆ ನಿಲುಕದಷ್ಟು ಕಡಿಮೆಯಾಯಿತು.

ಎರಡನೆಯ ದಾರಿಯೂ ಜೊತೆಯಲ್ಲೇ ಬೆಳೆಯುತ್ತಿತ್ತು. ಅಮೆರಿಕದಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಕಟ್ಟಿದ ಸೌಂಡ್‌ಸ್ಟ್ರೀಮ್ ಕಂಪನಿ 1970ರ ದಶಕದ ಕೊನೆಯಲ್ಲೇ ಧ್ವನಿಯನ್ನು ಕಂಪ್ಯೂಟರಿನ ಡಿಸ್ಕಿಗೆ ಇಳಿಸಿ ಸಂಪಾದಿಸುವ ವ್ಯವಸ್ಥೆ ಮಾಡಿತ್ತು. ಅದು ದೊಡ್ಡ ಸಂಗೀತ ಕಂಪನಿಗಳಿಗೆ ಮಾತ್ರ ಎಟುಕುವಂಥದ್ದು. 1989ರ ಸೌಂಡ್ ಟೂಲ್ಸ್, 1991ರ ಪ್ರೊ ಟೂಲ್ಸ್ ಆ ಶಕ್ತಿಯನ್ನು ಸ್ಟುಡಿಯೊದ ಮೇಜಿಗೆ ತಂದವು. ಇಲ್ಲಿ ಮುದ್ರಿಸಿದ ಫೈಲು ಮುದ್ರಿಸಿದಂತೆಯೇ ಇರುತ್ತದೆ. ಸಂಪಾದಕರು ಮಾಡಿದ್ದೆಲ್ಲ ಒಂದು ಪಟ್ಟಿ: ಈ ಫೈಲಿನ ಇಷ್ಟನೆಯ ಅಳತೆಯಿಂದ ಇಷ್ಟನೆಯ ಅಳತೆಯವರೆಗೆ ನುಡಿಸು, ಅಲ್ಲಿಂದ ಇನ್ನೊಂದಕ್ಕೆ ಹಾರು. ಕಮರ್ಷಿಯಲ್ ಸ್ಟ್ರೀಟಿನ ದರ್ಜಿ ಬಟ್ಟೆಯ ಮೇಲೆ ಎಳೆಯುವ ಸೀಮೆಸುಣ್ಣದ ಗೆರೆಯಂತೆ ಅದು, ಒರೆಸಿ ಮತ್ತೆ ಎಳೆಯಬಹುದು. ಕತ್ತರಿ ಬೀಳುವುದು ಅಂತಿಮ ಪ್ರತಿ ತೆಗೆಯುವಾಗ, ಅದೂ ಮೂಲದ ಮೇಲಲ್ಲ.

ಕತ್ತರಿಸುವುದು ಅಂಟಿಸುವುದಕ್ಕೆ ಪಟ್ಟಿ ಸಾಕು, ಏಕೆಂದರೆ ಡಿಸ್ಕಿನ ಬೇರೆ ಬೇರೆ ಜಾಗದಿಂದ ಓದುವುದು ಕಷ್ಟವಲ್ಲ. ಧ್ವನಿಯ ಬಣ್ಣವನ್ನೇ ಬದಲಿಸುವುದು, ಪ್ರತಿಧ್ವನಿ ಸೇರಿಸುವುದು ಬೇರೆ ಮಾತು. ಮೂಲವನ್ನು ಮುಟ್ಟಬಾರದು ಎಂದಾದರೆ ಕೇಳುವ ಪ್ರತಿ ಸಲವೂ ಆ ಲೆಕ್ಕವನ್ನು ಆ ಕ್ಷಣದಲ್ಲೇ ಮಾಡಬೇಕು. ಅಂದಿನ ಕಂಪ್ಯೂಟರಿನ ಪ್ರೊಸೆಸರಿಗೆ ಅದು ಆಗದ ಕೆಲಸ. ಹೀಗಾಗಿಯೇ ಪ್ರೊ ಟೂಲ್ಸ್ ಜೊತೆಗೆ ಮೊಟೊರೋಲಾ ಕಂಪನಿಯ 56000 ಸರಣಿಯ ಸಿಗ್ನಲ್ ಪ್ರೊಸೆಸರುಗಳಿದ್ದ ಕಾರ್ಡುಗಳನ್ನು ಕೊಳ್ಳಬೇಕಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತಯಾರಿಸುತ್ತಿದ್ದ ಚಿಪ್ಪುಗಳೂ ಇದೇ ಜಾತಿಯವು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ಕ್ಯೂಬೇಸ್ ತಂತ್ರಾಂಶದಲ್ಲಿ ವಿಎಸ್‌ಟಿ ಪದ್ಧತಿಯನ್ನು ತಂದ ಮೇಲೆ ಕಂಪ್ಯೂಟರಿನ ಪ್ರೊಸೆಸರೇ ಆ ಲೆಕ್ಕ ಮಾಡತೊಡಗಿತು. ಅಲ್ಲಿಂದ ಮುಂದೆ ಮೂಲ ಉಳಿಸುವ ಸಂಪಾದನೆ ಬಡ ಸ್ಟುಡಿಯೊಗಳಿಗೂ ಕೈಗೆಟುಕಿತು. ಟೇಪಿನ ಅಭ್ಯಾಸದವರಿಗಾಗಿ ಪ್ರೊ ಟೂಲ್ಸ್ ತನ್ನೊಳಗೆ ಡಿಸ್ಟ್ರಕ್ಟಿವ್ ಎಂಬ ಮುದ್ರಣ ವಿಧಾನವನ್ನೂ ಉಳಿಸಿಕೊಂಡಿತು, ಅದನ್ನು ಆರಿಸಿದರೆ ಹೊಸ ಧ್ವನಿ ಹಳೆಯದರ ಮೇಲೆಯೇ ಬೀಳುತ್ತದೆ.

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಪ್ರಸಾರ ಆರಂಭಿಸಿತು. ದೇಶದ ಮೊದಲ ಖಾಸಗಿ ಎಫ್.ಎಂ. ವಾಹಿನಿ ಅದು, ಬ್ಲೇಡು ಹಿಡಿಯದ ತಲೆಮಾರು ರೇಡಿಯೊಗೆ ಬಂದದ್ದು ಹಾಗೆ. ಆಕಾಶವಾಣಿಯ ಸ್ಟುಡಿಯೊಗಳಲ್ಲೂ ಆ ದಶಕದಲ್ಲಿ ಸುರುಳಿ ಯಂತ್ರಗಳ ಜಾಗಕ್ಕೆ ಹಾರ್ಡ್ ಡಿಸ್ಕ್ ಬಂತು. ಕೂಲ್ ಎಡಿಟ್ ತಂತ್ರಾಂಶವನ್ನು ಅಡೋಬಿ ಕಂಪನಿ 2003ರಲ್ಲಿ ಕೊಂಡು ಆಡಿಷನ್ ಎಂದು ಹೆಸರಿಟ್ಟಿತು. ಅದರಲ್ಲಿ ಎರಡೂ ವಿಧಾನಗಳು ಎರಡು ಪರದೆಗಳಾಗಿ ಅಕ್ಕಪಕ್ಕ ಇವೆ: ಅಲೆಯ ಪರದೆಯಲ್ಲಿ ತಿದ್ದಿ ಉಳಿಸಿದರೆ ಫೈಲೇ ಬದಲಾಗುತ್ತದೆ, ಹಲವು ಟ್ರ್ಯಾಕುಗಳ ಪರದೆಯಲ್ಲಿ ಬದಲಾಗುವುದಿಲ್ಲ.

ಕನ್ನಡದಲ್ಲಿ ಇಂದು ಪಾಡ್‌ಕಾಸ್ಟ್, ಆಡಿಯೊ ಪುಸ್ತಕ ಮಾಡುವವರಲ್ಲಿ ಹಲವರು ನೆಚ್ಚುವುದು ಆಡಾಸಿಟಿಯನ್ನು. ಅದು ಉಚಿತ, ಮುಕ್ತ ತಂತ್ರಾಂಶ. ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಕೆಲಸ 2000ದ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಸಿಕ್ಕಿತು. ಇದರ ಜಾಣ್ಮೆ ಎರಡು ದಾರಿಗಳ ನಡುವಿನದು. ಧ್ವನಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಇಟ್ಟುಕೊಂಡು, ತಿದ್ದಿದ ತುಂಡನ್ನು ಮಾತ್ರ ಹೊಸದಾಗಿ ಬರೆದು, ಉಳಿದವನ್ನು ಹಳೆಯ ಜಾಗದಿಂದಲೇ ಓದುತ್ತದೆ. ಹೀಗಾಗಿ ಎಷ್ಟು ಸಲ ಬೇಕಾದರೂ ಹಿಂದಿರುಗಬಹುದು, ಆದರೆ ತಂತ್ರಾಂಶ ಮುಚ್ಚುವ ತನಕ ಮಾತ್ರ. 2021ರ ಮೊದಲು ಈ ತುಂಡುಗಳು ಒಂದು ಫೋಲ್ಡರಿನಲ್ಲಿ ಸಾವಿರಾರು ಫೈಲುಗಳಾಗಿ ಇರುತ್ತಿದ್ದವು, ಫೋಲ್ಡರ್ ಕೈತಪ್ಪಿದರೆ ಇಡೀ ಕೆಲಸ ಹೋಯಿತು. ಆ ವರ್ಷದ ಮೂರನೆಯ ಆವೃತ್ತಿಯಲ್ಲಿ ಎಲ್ಲವೂ ಒಂದೇ ಫೈಲಿಗೆ ಸೇರಿತು. ಅದೇ ವರ್ಷದ 3.1 ಆವೃತ್ತಿಯಿಂದ ತುಣುಕಿನ ಅಂಚನ್ನು ಎಳೆದು ಚಿಕ್ಕದಾಗಿಸಿದರೂ ಅಡಗಿದ ಭಾಗ ಉಳಿದಿರುತ್ತದೆ. 2022ರ 3.2 ಆವೃತ್ತಿಯಲ್ಲಿ ಮೂಲ ಮುಟ್ಟದ ಎಫೆಕ್ಟುಗಳು ಬಂದವು. ಇಪ್ಪತ್ತು ವರ್ಷ ಕಾದು ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳಿದ ತಂತ್ರಾಂಶ ಇದು.

ಹಾಗೆಂದು ಅಪಾಯ ಕಳೆಯಿತು ಎನ್ನಲಾಗದು. ಕೆಲವು ಪತ್ರಕರ್ತರೂ ಉಪನ್ಯಾಸ ಮುದ್ರಿಸುವವರೂ ಮೊಬೈಲಿನಲ್ಲಿ ಎಂಪಿ3 ರೂಪದಲ್ಲೇ ಮುದ್ರಿಸಿಕೊಂಡು, ತಿದ್ದಿ, ಮತ್ತೆ ಎಂಪಿ3 ಆಗಿ ಅದೇ ಹೆಸರಿನಲ್ಲಿ ಉಳಿಸುತ್ತಾರೆ. ಕಿವಿಗೆ ಕೇಳಿಸದು ಎಂದು ಎಣಿಸಿದ್ದನ್ನು ಬಿಸಾಡುವುದೇ ಎಂಪಿ3ಯ ಗುಣ, ಪ್ರತಿ ಸಲ ಉಳಿಸಿದಾಗಲೂ ಅದು ಮತ್ತಷ್ಟು ಬಿಸಾಡುತ್ತದೆ. ಪಟ್ಟಿಯನ್ನು ನಂಬಿದವರಿಗೆ ಇನ್ನೊಂದು ಬಗೆಯ ತೊಡಕು. ಪಟ್ಟಿ ಇದ್ದು ಫೈಲು ಕಳೆದರೆ ಏನೂ ಉಳಿಯುವುದಿಲ್ಲ. ಫೈಲು ಇದ್ದು ಪಟ್ಟಿಯನ್ನು ಓದುವ ತಂತ್ರಾಂಶ ನಿಂತುಹೋದರೆ ಮೂಲ ಉಳಿಯುತ್ತದೆ, ಸಂಪಾದಕರ ಕೆಲಸ ಉಳಿಯುವುದಿಲ್ಲ. ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ ಸುರುಳಿಯನ್ನು, ಜೋಡಣೆಗಳನ್ನು ಸರಿಪಡಿಸಿಕೊಂಡರೆ, ಅರವತ್ತು ವರ್ಷದ ನಂತರವೂ ಅದೇ ಬಗೆಯ ಯಾವುದೇ ಯಂತ್ರದಲ್ಲಿ ಓಡಿಸಬಹುದು, ಈ ಒಂದು ವಿಷಯದಲ್ಲಿ ಹಳೆಯ ವಿಧಾನ ಮೇಲು.

ಆ ಸುರುಳಿಗಳೂ ಈಗ ಅಂಕಿಗಳಾಗುತ್ತಿವೆ. ಹಳೆಯ ಅಂಟುಪಟ್ಟಿ ಒಣಗಿ ಜೋಡಣೆಗಳು ಓಡಿಸುವಾಗ ಬಿಟ್ಟುಕೊಳ್ಳುತ್ತವೆ. ಕೆಲವೊಮ್ಮೆ ಅಂಟು ಹರಿದು ಪಕ್ಕದ ಸುತ್ತಿಗೆ ಮೆತ್ತಿಕೊಂಡಿರುತ್ತದೆ. ಅಂಥ ಜೋಡಣೆಗಳನ್ನು ಬಿಡಿಸಿ, ಒರೆಸಿ, ಹೊಸದಾಗಿ ಅಂಟಿಸಿದ ಮೇಲಷ್ಟೇ ಸುರುಳಿಯನ್ನು ಯಂತ್ರಕ್ಕೆ ಹಾಕಬೇಕು. 1970 ಮತ್ತು 80ರ ದಶಕಗಳ ಕೆಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟೇ ತೇವ ಹೀರಿ ಜಿಗುಟಾಗಿರುತ್ತದೆ. ಅವನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದರೆ ಒಂದೆರಡು ಸಲ ಓಡಿಸುವಷ್ಟು ಗಟ್ಟಿಯಾಗುತ್ತವೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್ಎ ಈ ಕೆಲಸಕ್ಕೆ ಕೊಟ್ಟಿರುವ ಮಾರ್ಗಸೂಚಿ 24 ಬಿಟ್‌ಗಳ, ಸೆಕೆಂಡಿಗೆ ಕನಿಷ್ಠ 48,000, ಸಾಧ್ಯವಾದರೆ 96,000 ಅಳತೆಗಳ ಫೈಲನ್ನು ಕೇಳುತ್ತದೆ. ಆ ಫೈಲಿನಲ್ಲಿ ಗುಯ್ ಸದ್ದನ್ನಾಗಲಿ ಟಕ್ ಸದ್ದನ್ನಾಗಲಿ ತೆಗೆಯುವಂತಿಲ್ಲ, ಟೇಪಿನಲ್ಲಿ ಇದ್ದದ್ದು ಇದ್ದಂತೆ ಬರಬೇಕು. ಸದ್ದು ತೆಗೆದು ಹಸನು ಮಾಡುವುದೆಲ್ಲ ಕೇಳುಗರಿಗೆ ಕೊಡುವ ಎರಡನೆಯ ಪ್ರತಿಯ ಮೇಲೆ.